ದೇವದುರ್ಗದ ಕೀಲಿ, ಗ್ವಾಟೆಮಾಲಾದ ಬಸ್ಸು

ನನ್ನ ಸೋದರತ್ತೆಯ ಜೊತೆ ಹೊಸ್ತಿಲು ದಾಟಿದರೆ ಸಾಕು, ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ಆಕೆಯ ಜೊತೆ ಮಾನ್ವಿಯಲ್ಲಿ ಮದುವೆಗೆ ಹೋದಾಗ ಆಗಿವೆ, ಪೋತ್ನಾಳದಲ್ಲಿ ಚಹಾ ಕುಡಿಯಲು ಬಸ್ಸಿನಿಂದ ಇಳಿದಾಗ ಆಗಿವೆ. ಅಂಥಾಕೆಯನ್ನು ಗ್ವಾಟೆಮಾಲಾಕ್ಕೆ ಕರೆದುಕೊಂಡು ಹೋದರೆ ಆಗದೆ ಇರುತ್ತವೆಯೇ? ಆಕೆಯನ್ನು ಸುರಕ್ಷಿತವಾಗಿ ದೇವದುರ್ಗಕ್ಕೆ ಮುಟ್ಟಿಸಿ, ರಾಯಚೂರಿನ ನನ್ನ ಮನೆಗೆ ಬಂದು ಕಾಲು ಚಾಚಿ ಮಲಗಿದ ಮೇಲಷ್ಟೇ ಇವನ್ನೆಲ್ಲ ನೆನೆದು ನಗುವ ಧೈರ್ಯ ನನಗೆ ಬಂತು.

ಚೀಲದ ಮೇಲಿನ ಊರು

ನಾನು ರಾಯಚೂರಿನ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುತ್ತೇನೆ. ರಜೆ ಬಂತೆಂದರೆ ಬೆನ್ನಿಗೊಂದು ಚೀಲ ಏರಿಸಿ, ಅಗ್ಗದ ಬಸ್ಸು, ಅಗ್ಗದ ಹಾಸಿಗೆ, ರಸ್ತೆ ಬದಿಯ ಊಟ ಎಂದು ಯಾವುದಾದರೊಂದು ದೇಶ ಸುತ್ತುವುದು ನನ್ನ ಚಟ. ಈ ಸಲ ಆರಿಸಿಕೊಂಡದ್ದು ಮಧ್ಯ ಅಮೆರಿಕದ ಗ್ವಾಟೆಮಾಲಾ, ಅದರಲ್ಲೂ ಅಲ್ಲಿನ ಬೆಟ್ಟದ ಸೀಮೆ. ಜೊತೆಗೆ ಬರಬೇಕಿದ್ದ ಗೆಳತಿ ಮದುವೆ ನಿಶ್ಚಯ ಮಾಡಿಕೊಂಡು ನನಗೆ ಕೈಕೊಟ್ಟಳು. ಈ ದುಃಖವನ್ನು ಮಾನ್ವಿಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿಕೊಂಡೆ.

"ಅದು ಎಲ್ಲಿ ಬರ್ತದವ್ವಾ?" ಎಂದರು ಅಪ್ಪ. ಅವರಿಗೆ ತಮ್ಮ ಅಕ್ಕಿ ಗಿರಣಿ ಬಿಟ್ಟರೆ ಬೇರೆ ದೇಶವಿಲ್ಲ.

ದೇವದುರ್ಗದಿಂದ ತಮ್ಮನ ಮನೆಗೆ ಬಂದಿದ್ದ ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಗ್ವಾಟೆಮಾಲಾ ಗೊತ್ತಿಲ್ಲೇನೋ ನಿನಗ? ಯಾಲಕ್ಕಿ ಊರು!" ಎಂದಳು.

ಅತ್ತೆಗೆ ದೇವದುರ್ಗದಲ್ಲಿ ಕಿರಾಣಿ ಅಂಗಡಿ ಇದೆ. ಮಾವ ತೀರಿಕೊಂಡ ಮೇಲೆ ಗಲ್ಲಾದ ಮುಂದೆ ಕೂತವಳು ಇವತ್ತಿನವರೆಗೂ ಯಾರಿಗೂ ಜಾಗ ಬಿಟ್ಟುಕೊಟ್ಟಿಲ್ಲ. ಹೊರದೇಶದ ಅಗ್ಗದ ಯಾಲಕ್ಕಿಗೆ ನಮ್ಮ ಬಜಾರಿನಲ್ಲಿ ಗ್ವಾಟೆಮಾಲಾ ಎಂದೇ ಹೆಸರು. ಆ ಹೆಸರು ದೊಡ್ಡದಾಗಿ ಅಚ್ಚಾದ ಗೋಣಿಯೊಂದನ್ನು ಹಾಳು ಮಾಡಲು ಮನಸ್ಸು ಬಾರದೆ, ದರ್ಜಿಯ ಕೈಲಿ ಕೊಟ್ಟು ಕೈಚೀಲ ಹೊಲಿಸಿಕೊಂಡಿದ್ದಾಳೆ. ಅದಿಲ್ಲದೆ ಆಕೆ ಎಲ್ಲಿಗೂ ಹೊರಡುವುದಿಲ್ಲ.

"ಇಷ್ಟು ವರ್ಷದಿಂದ ಆ ಊರಿನ ಮಾಲು ಮಾರಾಕತ್ತೀನಿ. ಒಮ್ಮೆ ಹೋಗಿ ಮುಖ ತೋರಿಸಿ ಬರಬಾರ್ದೇನು? ನಡಿ, ನಾ ಬರ್ತೀನಿ."

ಪಾಸ್‌ಪೋರ್ಟ್ ಆಗಲೇ ಇತ್ತು. ಕೈಲಾಸ ಮಾನಸ ಸರೋವರಕ್ಕೆಂದು ಮಾಡಿಸಿದ್ದು, ಆ ಯಾತ್ರೆ ರದ್ದಾಗಿ ಕಪಾಟಿನಲ್ಲಿ ಕೂತಿತ್ತು. ತಕರಾರು ತೆಗೆದವನು ಆಕೆಯ ಮೈದುನ. ಪಕ್ಕದ ಮನೆಯವನೇ. ಅಂಗಡಿಯ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು.

"ವೈನಿ, ನಿಮಗ ಅರವತ್ತು ದಾಟ್ಯದ. ಅಲ್ಲಿ ಹೋಗಿ ಏನರೆ ಕಳಕೊಂಡ್ರಿ, ಇಲ್ಲಾ ನನಗ ಫೋನ್ ಮಾಡಿ 'ತೊಂದ್ರಿ ಆಗ್ಯದ, ಬಾ' ಅಂದ್ರಿ ಅಂದ್ರ, ತಿರುಗಿ ಬಂದ ದಿನಾನ ಅಂಗಡಿ ಕೀಲಿ ನನ್ನ ಕೈಯಾಗ ಇಡಬೇಕು. ಕಬೂಲ್?"

"ಕಬೂಲ್. ಏನೂ ಆಗದ ಬಂದೆ ಅಂದ್ರ, ಇನ್ನೊಮ್ಮೆ ಕೀಲಿ ಹೆಸರು ಎತ್ತಬಾರ್ದು."

"ಅಲ್ಲಿತನಾ ಅಂಗಡಿ ನಾ ನೋಡ್ಕೋತೀನಿ ಬಿಡ್ರಿ."

"ಬ್ಯಾಡಪಾ. ನೀ ಒಮ್ಮೆ ಕುಂತ್ರ ಆ ಮ್ಯಾಲ ಏಳಂಗಿಲ್ಲ. ಬೀಗ ಹಾಕ್ತೀನಿ, ಗಿರಾಕಿ ಕಾಯ್ತಾರ."

ಹೀಗೆ ಒಂದು ದೇಶ ಸುತ್ತುವ ನನ್ನ ರಜೆ, ಒಂದು ಅಂಗಡಿಯನ್ನು ಉಳಿಸುವ ಜವಾಬ್ದಾರಿಯಾಗಿ ಬದಲಾಯಿತು. ಅಲ್ಲಿನ ಚಳಿ, ಊಟ, ಭಾಷೆ ಏನಾದರೂ ಕೇಳಿಯಾಳು ಎಂದು ಕಾದೆ. ಅತ್ತೆ ಬಹಳ ಹೊತ್ತು ಯೋಚಿಸಿ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಬಸ್ಸಿನ ಕಿಟಕಿಗೆ ಸರಳು ಅದಾವೇನು?"

ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದು ಎಲ್ಲರಿಗೂ ಗೊತ್ತಿರುವ ವಿದ್ಯೆ. ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಅತ್ತೆಯ ಗುರಿಗೆ ಹೆಸರೇ ಇದೆ.

ವಿಮಾನ ನಿಲ್ದಾಣದಲ್ಲಿ ತಮ್ಮಂದಿರು

ಹೈದರಾಬಾದಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅತ್ತೆ ಬಾಗಿಲ ಚೌಕಟ್ಟು ದಾಟಿದ್ದೇ ಯಂತ್ರ ಕೂಗಿತು. ಒಬ್ಬ ಹೆಣ್ಣುಮಗಳು ಆಕೆಯನ್ನು ಪಕ್ಕಕ್ಕೆ ಕರೆದಳು. ಅತ್ತೆ ಟೊಂಕಕ್ಕೆ ಕೈ ಹಾಕಿ ಹೊರತೆಗೆದದ್ದು ಅಂಗೈ ಉದ್ದದ ಕಬ್ಬಿಣದ ಕೀಲಿ. ಮಾವನ ಕಾಲದ ಬೀಗ, ಅದಕ್ಕೆ ತಕ್ಕ ಕೀಲಿ. ಅದನ್ನು ಟ್ರೇಯಲ್ಲಿಟ್ಟಾಗ ಆದ ಸದ್ದಿಗೆ ಪಕ್ಕದ ಸಾಲಿನವರೂ ತಿರುಗಿದರು.

ಮೀಸೆಯ ಅಧಿಕಾರಿಯೊಬ್ಬರು ಬಂದು ಕೀಲಿಯನ್ನು ಎತ್ತಿ, ತೂಗಿ, "ಇದು ಏನಮ್ಮಾ?" ಎಂದು ತೆಲುಗಿನಲ್ಲಿ ಕೇಳಿದರು. ಗಡಿ ಸೀಮೆಯವಳಾದ ಅತ್ತೆಗೆ ತೆಲುಗು ಅರ್ಥವಾಗುತ್ತದೆ. ಉತ್ತರ ಮಾತ್ರ ಕನ್ನಡದಲ್ಲೇ; ಅದು ಅವರಿಗೂ ತಿಳಿಯುತ್ತಿತ್ತು.

"ಅಂಗಡಿ ಕೀಲಿ."

"ಅಂಗಡಿ ಎಲ್ಲಿದೆ?"

"ದೇವದುರ್ಗದಾಗ."

"ನೀವು ಹೋಗುತ್ತಿರುವುದು?"

"ಗ್ವಾಟೆಮಾಲಾಕ್ಕ."

"ಮತ್ತೆ ಕೀಲಿ ಯಾಕೆ?"

"ಮನ್ಯಾಗ ಬಿಟ್ರ ಮೈದುನನ ಕೈಗೆ ಸಿಗ್ತದ."

ನಾನು ಕಣ್ಣು ಮುಚ್ಚಿಕೊಂಡೆ. ಕೀಲಿ ಇಲ್ಲೇ ಉಳಿಯಿತು, ಪಂದ್ಯ ವಿಮಾನ ಏರುವ ಮೊದಲೇ ಸೋತೆವು ಎಂದುಕೊಂಡೆ. ಕಣ್ಣು ಬಿಟ್ಟಾಗ ಆ ಅಧಿಕಾರಿ ಎರಡೂ ಕೈಯಿಂದ ಕೀಲಿಯನ್ನು ಅತ್ತೆಗೆ ಹಿಂತಿರುಗಿಸುತ್ತಿದ್ದರು.

"ಭದ್ರವಾಗಿ ಇಟ್ಟುಕೊಳ್ಳಮ್ಮಾ," ಎಂದರು. "ನನಗೂ ಇಬ್ಬರು ತಮ್ಮಂದಿರು ಇದ್ದಾರೆ."

ಬೂಟುಗಳೆಲ್ಲ ಹೊರಗೆ

ಗ್ವಾಟೆಮಾಲಾದಲ್ಲಿ ನಾವು ಮೊದಲು ಇಳಿದುಕೊಂಡದ್ದು ಆಂಟಿಗುವಾ ಎಂಬ ಹಳೆಯ ಊರಿನಲ್ಲಿ. ಅಗ್ಗದ ವಸತಿ ಎಂದರೆ ಗೊತ್ತಲ್ಲ, ಒಂದೇ ಕೋಣೆ, ಮಂಚದ ಮೇಲೆ ಮಂಚ, ಹತ್ತಾರು ದೇಶದ ಹುಡುಗ ಹುಡುಗಿಯರು. ಎಲ್ಲರೂ ಬೆಟ್ಟ ಹತ್ತಿ ಬಂದವರು, ಎಲ್ಲರ ಬೂಟಿಗೂ ಅರ್ಧ ಬೆಟ್ಟ ಅಂಟಿಕೊಂಡಿತ್ತು.

ಅತ್ತೆ ಬಾಗಿಲಲ್ಲೇ ನಿಂತು ಮೂಗಿಗೆ ಸೆರಗು ಹಿಡಿದಳು. "ಇದೇನ್ ಮಲಗೋ ಕ್ವಾಣಿಯೋ, ದನದ ಕೊಟಗಿಯೋ?" ನಾನು ತಡೆಯುವಷ್ಟರಲ್ಲಿ ಮಂಚದ ಕೆಳಗಿನ ಬೂಟುಗಳನ್ನೆಲ್ಲ ಬೆರಳ ತುದಿಯಿಂದ ಎತ್ತಿ ಎತ್ತಿ ಹೊರಗೆ ಸಾಲಾಗಿ ಇಟ್ಟಳು. ಸಂಜೆ ಬಂದವರು ಆ ಸಾಲು ನೋಡಿ, ಇದು ಇಲ್ಲಿಯ ನಿಯಮವಿರಬೇಕು ಎಂದು ತಾವೂ ಬಿಚ್ಚಿಟ್ಟು ಒಳಗೆ ಬಂದರು. ಯಾರೂ ಒಂದು ಮಾತು ಕೇಳಲಿಲ್ಲ. ನನ್ನ ಕಾಲೇಜಿನಲ್ಲಿ ಇಷ್ಟು ಶಿಸ್ತು ತರಲು ನನಗೆ ಇವತ್ತಿಗೂ ಆಗಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಮಾಳಿಗೆಯ ಮೇಲೆ ಕೂತಳು. ಕೊರಳಲ್ಲಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ. ಇದಾಗದೆ ಆಕೆ ಬಾಯಿಗೆ ನೀರು ಬಿಡುವುದಿಲ್ಲ. ಮಾಳಿಗೆಯ ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಹುಡುಗಿಯೊಬ್ಬಳು ಕಪ್ಪು ಕೆಳಗಿಟ್ಟು, ಸದ್ದಿಲ್ಲದೆ ಬಂದು ಆಕೆಯ ಹಿಂದೆ ಕೂತಳು. ಅದರ ಮರುದಿನ ಒಂದು ಸಾಲೇ ಕೂತಿತ್ತು. ಎಲ್ಲರ ಎಡಗೈಯೂ ಮುಂದೆ, ಎಲ್ಲರ ಕಣ್ಣೂ ಖಾಲಿ ಅಂಗೈಯ ಮೇಲೆ. ಅತ್ತೆ ಕೆಮ್ಮಿದರೆ ಅವರೂ ಕೆಮ್ಮಿದರು. ಅತ್ತೆ ಮೊಣಕಾಲಿನ ಮೇಲಿನ ಸೊಳ್ಳೆ ಹೊಡೆದರೆ ಅವರೂ ತಮ್ಮ ಮೊಣಕಾಲಿಗೆ ಹೊಡೆದುಕೊಂಡರು. ವಸತಿಯವರು ಕೆಳಗಿನ ಹಲಗೆಯ ಮೇಲೆ ಸೀಮೆಸುಣ್ಣದಿಂದ 'ಬೆಳಗಿನ ಧ್ಯಾನ, ಉಚಿತ' ಎಂದು ಬರೆದೂಬಿಟ್ಟರು.

ಹಿಂದೆ ಇಷ್ಟು ಜನ ಕೂತಿದ್ದಾರೆಂದು ಅತ್ತೆಗೆ ಗೊತ್ತಾದದ್ದು ಪೂಜೆ ಮುಗಿಸಿ ಎದ್ದಾಗ. ಚಡ್ಡಿ, ತುಂಡು ಬನಿಯನ್ನುಗಳ ಆ ಭಕ್ತಸಮೂಹವನ್ನು ಒಮ್ಮೆ ಕಣ್ಣು ತುಂಬ ನೋಡಿದಳು.

"ಪಾಪ, ಗುರು ಇಲ್ಲ, ದೀಕ್ಷಾ ಇಲ್ಲ, ಆದ್ರೂ ಎಷ್ಟು ಭಕ್ತಿ ನೋಡು," ಎಂದಳು ನನ್ನ ಕಿವಿಯಲ್ಲಿ. "ಮೈಮ್ಯಾಲ ಇನ್ನೊಂದೀಟು ಅರಿವಿ ಇದ್ದಿದ್ರ ಎಲ್ಲಾರ್ನೂ ನಮ್ಮ ಮಠಕ್ಕ ಕರಕೊಂಡು ಹೋಗಬೌದಿತ್ತು."

ಅಲ್ಲಿಯ ಶಕ್ತಿನಗರ

ಮೈದುನನ ವಿಡಿಯೋ ಕರೆ ದಿನಾ ಬೆಳಿಗ್ಗೆ ತಪ್ಪದೆ ಬರುತ್ತಿತ್ತು. ನಮಗೆ ಬೆಳಗಾದರೆ ದೇವದುರ್ಗದಲ್ಲಿ ಸಂಜೆ. "ಎಲ್ಲಾ ಬರೋಬ್ಬರಿ ಅದನ ವೈನಿ?" ಎಂದು ಕೇಳುವಾಗ ಅವನ ದನಿಯಲ್ಲಿ ಕಾಳಜಿ ಇರುತ್ತಿತ್ತು, ಕಣ್ಣಲ್ಲಿ ಆಸೆ.

ಆಂಟಿಗುವಾ ಊರಿನ ಹೊರಗೆ ಒಂದು ಜ್ವಾಲಾಮುಖಿ ಇದೆ. ಸತ್ತದ್ದಲ್ಲ, ದಿನಾ ಗುಡುಗಿ ಹೊಗೆ ಕಾರುವಂಥದ್ದು. ನಾನು ತರಗತಿಯಲ್ಲಿ ಎಷ್ಟೋ ಸಲ ಹಲಗೆಯ ಮೇಲೆ ಅದರ ಚಿತ್ರ ಬರೆದು ಪಾಠ ಮಾಡಿದ್ದೇನೆ. ಅವತ್ತು ಮಾಳಿಗೆಯ ಮೇಲೆ ಅತ್ತೆ ಫೋನು ಹಿಡಿದು ಮಾತಾಡುತ್ತಿರುವಾಗ ಆಕೆಯ ಬೆನ್ನ ಹಿಂದೆಯೇ ಅದು ಗುಡುಗಿತು. ಕಪ್ಪು ಹೊಗೆ ಆಕಾಶಕ್ಕೆ ಎದ್ದಿತು. ಕಿಟಕಿಯ ಗಾಜು ಅಲುಗಿತು. ಪಾಠ ಮಾಡಿದ ನಾನು ಮೆಟ್ಟಿಲ ಕಡೆ ಓಡಿದೆ.

"ವೈನಿ! ನಿಮ್ಮ ಹಿಂದ ಗುಡ್ಡಕ್ಕ ಬೆಂಕಿ ಹತ್ತೇದ!" ಮೈದುನನ ದನಿ ಫೋನಿನಿಂದ ಹೊರಗೆ ಬಂತು. ಹೆದರಿಕೆಗಿಂತ ಖುಷಿಯೇ ಹೆಚ್ಚಿತ್ತು ಎಂದು ನನ್ನ ಅನುಮಾನ.

ಅತ್ತೆ ನಿಧಾನಕ್ಕೆ ತಿರುಗಿ ನೋಡಿದಳು. ರಾಯಚೂರಿನ ಪಕ್ಕದ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುತ್ತಾರೆ. ಆ ಚಿಮಣಿಗಳ ಹೊಗೆ ನೋಡುತ್ತಲೇ ಬೆಳೆದ ನಮ್ಮ ಕಡೆಯವರಿಗೆ ಹೊಗೆ ಕಂಡರೆ ಓಡುವ ಚಾಳಿ ಇಲ್ಲ.

"ಬೆಂಕಿ ಅಲ್ಲೋ ಮಾರಾಯಾ. ಇದು ಇಲ್ಲಿಯ ಶಕ್ತಿನಗರ. ಕರೆಂಟ್ ಮಾಡಾಕತ್ತಾರ."

ಮೈದುನ ಸೋತ ದನಿಯಲ್ಲಿ ಕೇಳಿದ. "ಅಷ್ಟು ಹೊಗಿ ಬಿಟ್ರ ಅಲ್ಲಿ ಕರೆಂಟ್ ಹೋಗಂಗೇ ಇಲ್ಲೇನ್ರಿ?"

"ಹೋಗ್ತದ ಬಿಡು," ಎಂದಳು ಅತ್ತೆ. "ಮಾಡೋ ಊರಾಗ ಎಲ್ಲಿ ಇರ್ತದ?"

ಕುಡಿಯುವವರು ಯಾರು?

ಅಲ್ಲಿಂದ ಕೊಬಾನ್ ಕಡೆಯ ಬೆಟ್ಟಗಳಿಗೆ ಹೋದೆವು. ಅತ್ತೆ ಬಂದದ್ದೇ ಇದಕ್ಕಾಗಿ. ಮಂಜು ಹೊದ್ದ ಇಳಿಜಾರಿನ ತುಂಬ ಯಾಲಕ್ಕಿ ಗಿಡ. ಅದನ್ನು ಬೆಳೆಯುವ ಮುದುಕ ಮುದುಕಿಯ ಮನೆಯಲ್ಲೇ ನಮಗೆ ಇಳಿದುಕೊಳ್ಳಲು ಜಾಗ ಸಿಕ್ಕಿತು. ಜಗಲಿಯ ಮೇಲೆ ಗೋಣಿಗಟ್ಟಲೆ ಒಣಗಿದ ಯಾಲಕ್ಕಿ. ಅತ್ತೆ ಒಂದು ಹಿಡಿ ಎತ್ತಿ ಮೂಸಿ, "ನಂದ ಮಾಲು!" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ತನ್ನ ಕೈಚೀಲದ ಮೇಲಿನ ಅಕ್ಷರ ತೋರಿಸಿದಳು. ಮುದುಕ ಆ ಹಳೆಯ ಗೋಣಿಯನ್ನು ಸವರಿ ನೋಡಿ, ಊರು ಬಿಟ್ಟು ಹೋದ ಮಗಳು ತಿರುಗಿ ಬಂದಂತೆ ನಕ್ಕ. ಅಲ್ಲಿಯವರೆಗೆ ಎಲ್ಲಾ ಚೆನ್ನಾಗಿತ್ತು.

"ನೀವು ಇದನ್ನ ಯಾತಕ್ಕ ಹಾಕ್ತೀರಿ ಅಂತ ಕೇಳು," ಎಂದಳು ಅತ್ತೆ.

ನಾನು ಫೋನಿನಲ್ಲಿ ಕಲಿತಿದ್ದ ಹರಕು ಮುರುಕು ಸ್ಪ್ಯಾನಿಷ್‌ನಲ್ಲಿ ಕೇಳಿದೆ. ಯಾತಕ್ಕೂ ಇಲ್ಲ, ನಾವು ತಿನ್ನುವುದಿಲ್ಲ ಎಂದ ಮುದುಕ. ಬೆಳೆದದ್ದೆಲ್ಲ ಹಡಗಿಗೆ ಹೋಗುತ್ತದೆ, ನಿಮ್ಮಂಥವರು ತಿನ್ನುತ್ತೀರಂತೆ, ಯಾಕೆ ತಿನ್ನುತ್ತೀರಿ ಎಂದು ನನ್ನನ್ನೇ ಕೇಳಿದ.

ಅತ್ತೆ ಸೆರಗು ಸಿಕ್ಕಿಸಿ ನೇರ ಅಡುಗೆ ಮನೆಗೆ ನುಗ್ಗಿದಳು. ತನ್ನ ಅಂಗಡಿಯ ಚಹಾಪುಡಿ ಕೈಚೀಲದಲ್ಲೇ ಇತ್ತು. ಹಾಲು ಕುದಿಸಿ, ಯಾಲಕ್ಕಿ ಜಜ್ಜಿ ಹಾಕಿ, ಸಕ್ಕರೆ ಸುರಿದು, ದೊಡ್ಡ ಲೋಟಗಳಲ್ಲಿ ಕೊಟ್ಟಳು. ಮುದುಕ ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಕುಡಿದು ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷ ಮನೆಯಲ್ಲೇ ಇದ್ದದ್ದನ್ನು ಒಮ್ಮೆಯೂ ಬಾಯಿಗೆ ಹಾಕಿಕೊಳ್ಳಲಿಲ್ಲವಲ್ಲ ಎಂಬ ಹಳಹಳಿ ಇಬ್ಬರ ಮುಖದಲ್ಲೂ ಕಂಡಿತು. ಕೊನೆಗೆ ಮುದುಕ, ನಿಮ್ಮ ಮನೆಯಲ್ಲಿ ದಿನಾ ಇದನ್ನೇ ಕುಡಿಯುತ್ತೀರಾ, ಪುಣ್ಯವಂತರು ಎಂದ.

ನಾನು ಅದನ್ನು ಹೇಳಿದಾಗ ಅತ್ತೆ ತಡವರಿಸಿದಳು. "ಖರೇ ಹೇಳ್ಲೇನು?... ಇಲ್ಲ. ನಾವು ಶುಂಠಿ ಹಾಕ್ತೀವಿ. ಯಾಲಕ್ಕಿ ಭಾಳ ತುಟ್ಟಿ. ಮಾರೋ ಮಾಲು ನಾವ ಕುಡುದ್ರ ಅಂಗಡಿ ನಡೀತದೇನು?"

ನಾನು ಅದನ್ನು ತಿಳಿಸಿದ್ದೇ ಮುದುಕ ತೊಡೆ ತಟ್ಟಿಕೊಂಡು ನಕ್ಕ. ಅತ್ತೆಯೂ ನಕ್ಕಳು. ಭಾಷೆ ಬಾರದ ಇಬ್ಬರು ವ್ಯಾಪಾರಸ್ಥರು ಒಬ್ಬರಿಗೊಬ್ಬರು ಪೂರ್ತಿ ಅರ್ಥವಾಗಿದ್ದರು. ನಗು ನಿಂತ ಮೇಲೆ ಅತ್ತೆ ಹುಬ್ಬು ಗಂಟು ಹಾಕಿದಳು.

"ಬೆಳದವನೂ ಕುಡಿಯಂಗಿಲ್ಲ, ಮಾರಿದಾಕಿನೂ ಕುಡಿಯಂಗಿಲ್ಲ. ಹಂಗಾದ್ರ ಕುಡಿಯೋರು ಯಾರು?"

ಇದನ್ನೂ ಮುದುಕನಿಗೆ ದಾಟಿಸಿದೆ. ಇಬ್ಬರೂ ಒಟ್ಟಿಗೆ ಭೂಗೋಳದ ಟೀಚರ್ ಮುಖ ನೋಡಿದರು.

ಯಾವ ಬುಡಕಟ್ಟು?

ನಮ್ಮ ಕೊನೆಯ ಊರು ಬೆಟ್ಟದ ಮೇಲಿನ ಒಂದು ಸಂತೆಯೂರು. ಬಣ್ಣ ಬಣ್ಣದ ಕೈಮಗ್ಗದ ಕುಪ್ಪಸ ತೊಟ್ಟ ಮಾಯಾ ಹೆಣ್ಣುಮಕ್ಕಳು ನೆಲದ ಮೇಲೆ ಬಟ್ಟೆ ಹಾಸಿ, ತರಕಾರಿ ಹರವಿಕೊಂಡು ಕೂತಿರುತ್ತಾರೆ. ತಲೆಯ ಮೇಲೆ ಗಂಟು, ಕಾಲಲ್ಲಿ ಸಾದಾ ಚಪ್ಪಲಿ. ಇಳಕಲ್ ಸೀರೆಯುಟ್ಟು ಗೋಣಿಯ ಚೀಲವನ್ನು ತಲೆಯ ಮೇಲಿಟ್ಟುಕೊಂಡ ಅತ್ತೆಯನ್ನು ಯಾರೂ ತಿರುಗಿ ನೋಡಲಿಲ್ಲ. ಬೆನ್ನಿಗೆ ಅಷ್ಟೆತ್ತರದ ಚೀಲ ಕಟ್ಟಿಕೊಂಡ ನನ್ನನ್ನು ಮಾತ್ರ ಊರೆಲ್ಲ ನೋಡಿತು.

ಬೆಣ್ಣೆಹಣ್ಣು ಮಾರುತ್ತಿದ್ದ ಒಬ್ಬ ದಪ್ಪ ಹೆಂಗಸಿನ ಹತ್ತಿರ ಅತ್ತೆ ಕೂತಳು. ವ್ಯಾಪಾರ ಮುಗಿದ ಮೇಲೆ ನಮ್ಮ ಸಂತೆಯ ಪದ್ಧತಿಯಂತೆ ಸೆರಗು ಹಿಡಿದು, "ಕೊಸರು ಹಾಕು ಬೇ," ಎಂದಳು. ಆ ಹೆಂಗಸು ಒಂದು ಕ್ಷಣ ದಿಟ್ಟಿಸಿ, ನಕ್ಕು, ಇನ್ನೊಂದು ಹಣ್ಣು ಸೆರಗಿಗೆ ಹಾಕಿದಳು. ಅಲ್ಲಿಗೆ ಗೆಳೆತನ ಗಟ್ಟಿಯಾಯಿತು. ನಾನು ಇವರಿಬ್ಬರನ್ನೂ ಹಾಗೇ ಬಿಟ್ಟು, ಶೌಚಾಲಯ ಹುಡುಕಿಕೊಂಡು ಹೋದೆ.

ತಿರುಗಿ ಬಂದಾಗ ಆ ಹೆಂಗಸು ಕಾಣಲಿಲ್ಲ. ಆಕೆಯ ಜಾಗದಲ್ಲಿ ಅತ್ತೆ ಕಾಲು ಮಡಚಿ ಕೂತು ವ್ಯಾಪಾರ ಮಾಡುತ್ತಿದ್ದಳು. ಊಟಕ್ಕೆ ಹೋಗುತ್ತೇನೆ, ಜಾಗ ನೋಡಿಕೋ ಎಂದು ಆಕೆ ಸನ್ನೆ ಮಾಡಿ ಹೋಗಿದ್ದಳಂತೆ. ಅಂಗಡಿಯವಳಿಗೆ ಬರೀ ಜಾಗ ನೋಡಿಕೊಳ್ಳಲು ಮನಸ್ಸು ಬರುತ್ತದೆಯೇ? "ಬರ್ರಿ, ಬರ್ರಿ, ತಾಜಾ ಮಾಲು! ಒತ್ತಬ್ಯಾಡ್ರಿ ಹಣ್ಣು, ನೋಡಿ ತಗೋರಿ!" ಸಂತೆಯ ನಡುವೆ ಶುದ್ಧ ದೇವದುರ್ಗದ ಕನ್ನಡ. ಜನ ಮುತ್ತಿಕೊಂಡಿದ್ದರು.

ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬ ಬಿಳಿಯ ಪ್ರವಾಸಿ ಮಂಡಿಯೂರಿ ಅತ್ತೆಯ ಫೋಟೋದ ಮೇಲೆ ಫೋಟೋ ತೆಗೆಯುತ್ತಿದ್ದ. ಸೀರೆಯ ಅಂಚು, ಹಣೆಯ ವಿಭೂತಿ, ಕೊರಳ ಬೆಳ್ಳಿ ಕರ‍ಡಿಗೆ, ಒಂದನ್ನೂ ಬಿಡಲಿಲ್ಲ. ನನ್ನನ್ನು ಕಂಡು, ಅತಿ ಗೌರವದಿಂದ ಇಂಗ್ಲಿಷಿನಲ್ಲಿ, "ಈ ತಾಯಿ ಯಾವ ಬುಡಕಟ್ಟಿನವರು?" ಎಂದು ಕೇಳಿದ.

"ದೇವದುರ್ಗ," ಎಂದೆ.

ಆತ ತಲೆದೂಗಿ, ಆ ಬುಡಕಟ್ಟಿನ ಬಗ್ಗೆ ತಾನು ಓದಿದ್ದೇನೆ ಎಂದ.

ಹಸಿ ಟವೆಲ್

ಹೊರಡುವ ದಿನ ಬಂತು. ಅದೇ ಸಂತೆಯೂರಿನಿಂದ ಬೆಳಗಿನ ಬಸ್ಸು ಹಿಡಿದು ರಾಜಧಾನಿ, ಅಲ್ಲಿಂದ ಸಂಜೆಗೆ ವಿಮಾನ. ಇದುವರೆಗೆ ಏನೂ ಕಳೆದಿರಲಿಲ್ಲ, ಯಾರೂ ಹಾಸಿಗೆ ಹಿಡಿದಿರಲಿಲ್ಲ. ಒಂದು ದಿನ ಕಳೆದರೆ ಕೀಲಿ ಅತ್ತೆಯದೇ. ನಾನು ಅತಿ ಜಾಣತನ ಮಾಡಿ, ವಿಮಾನ ನಿಲ್ದಾಣದಲ್ಲಿ ಮತ್ತೆ ಯಂತ್ರ ಕೂಗುವುದು ಬೇಡವೆಂದು ಟೊಂಕದ ಕೀಲಿಯನ್ನು ಅತ್ತೆಯ ಕೈಚೀಲಕ್ಕೆ ಹಾಕಿಸಿದೆ. ಹಳೆಯ ಗೋಣಿಗೆ ಯಾವ ಕಳ್ಳ ಕೈ ಹಾಕುತ್ತಾನೆ ಎಂದು ಇಬ್ಬರ ಪಾಸ್‌ಪೋರ್ಟನ್ನೂ ಅದರಲ್ಲೇ ಇಟ್ಟೆ.

ಅಲ್ಲಿನ ಬಸ್ಸುಗಳು ಅಮೆರಿಕದ ಹಳೆಯ ಶಾಲಾ ಬಸ್ಸುಗಳು. ಮೈತುಂಬ ಬಣ್ಣ ಬಳಿದು, ಇಬ್ಬರ ಸೀಟಿಗೆ ಮೂವರನ್ನು ತುಂಬುತ್ತಾರೆ. ಕಿಟಕಿಗೆ ಸರಳಿಲ್ಲ. ನಮ್ಮ ಬಸ್ಸು ತಿರುವಿನಲ್ಲಿ ಕಂಡಿತು. ಗುಂಪು ಮುನ್ನುಗ್ಗಿತು. ನಾನು ಗುಂಪಿನ ಹಿಂದೆ ಸಿಕ್ಕಿಕೊಂಡೆ. ಅತ್ತೆ ಮಾತ್ರ ಬಸ್ಸಿನ ಪಕ್ಕಕ್ಕೇ ಓಡಿ, ಖಾಲಿ ಸೀಟು ನೋಡಿ, ಗುರಿಯಿಟ್ಟು ಒಗೆದಳು.

ಒಗೆದದ್ದು ಟವೆಲ್ ಅಲ್ಲ.

"ಅತ್ತೀ! ಚೀಲ ಯಾಕ ಒಗದಿ?"

"ಟವೆಲ್ ಹಸಿ ಇತ್ತು. ಹಸಿ ಟವೆಲ್ ಹಾಕಿದ್ರ ಸೀಟು ತೊಯ್ತದಲ್ಲ?"

ನಮ್ಮ ಬಸ್ಸು ಒಮ್ಮೆ ನಿಂತರೆ ಡ್ರೈವರ್ ಇಳಿದು ಚಹಾ ಕುಡಿದು ಬರುವಷ್ಟು ಹೊತ್ತು ನಿಲ್ಲುತ್ತದೆ. ಅಲ್ಲಿಯ ಬಸ್ಸು ಪೂರ್ತಿ ನಿಲ್ಲಲೇ ಇಲ್ಲ. ಬಾಗಿಲಿಗೆ ಜೋತುಬಿದ್ದವರು ಜೋತುಬಿದ್ದಂತೆಯೇ, ಹಾರನ್ ಹೊಡೆಯುತ್ತಾ, ಎರಡು ಪಾಸ್‌ಪೋರ್ಟನ್ನೂ ಒಂದು ಕಿರಾಣಿ ಅಂಗಡಿಯನ್ನೂ ಹೊತ್ತುಕೊಂಡು ಇಳಿಜಾರಿಗೆ ಮರೆಯಾಯಿತು.

ಅತ್ತೆ ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದಳು. ಎಲೆಕೋಸು ತುಂಬಿದ ಒಂದು ಪಿಕಪ್ ಗಾಡಿ ಕಿರುಗುಟ್ಟಿ ನಿಂತಿತು. ಅತ್ತೆ ಮುಂದೆ ಹೋದ ಬಸ್ಸನ್ನು ತೋರಿಸಿದಳು, ಎದೆ ಬಡಿದುಕೊಂಡಳು. ಅಷ್ಟೇ ಸಾಕಾಯಿತು. ನಾವಿಬ್ಬರೂ ಕೋಸಿನ ರಾಶಿ ಹತ್ತಿ ಕೂತೆವು. ಗಾಡಿಯವನು ತನ್ನದೇ ಚೀಲ ಹೋದವನಂತೆ ಓಡಿಸಿದ. ಪ್ರತಿ ತಿರುವಿಗೂ ನಾಲ್ಕಾರು ಕೋಸು ಉರುಳಿ ಕಣಿವೆಗೆ ಬಿದ್ದವು. ನಾನು ದೇವರ ಹೆಸರೆಲ್ಲ ಕರೆದು ಮುಗಿಸಿದ್ದೆ.

ಸರಿಯಾಗಿ ಆಗಲೇ ಮೈದುನನ ಫೋನು ಬಂತು. ನಾನು ಬೇಡ ಬೇಡ ಎಂದರೂ ಅತ್ತೆ, ಕ್ಯಾಮೆರಾಕ್ಕೆ ಬೆರಳು ಅಡ್ಡ ಹಿಡಿದು, ಎತ್ತಿದಳು. ಎತ್ತದಿದ್ದರೆ ಅನುಮಾನ ಬರುತ್ತದೆ ಎಂಬುದು ಆಕೆಯ ಲೆಕ್ಕ.

"ವೈನಿ, ಏನ್ರೀ ಇಷ್ಟು ಗಾಳಿ? ಎಲ್ಲಿದ್ದೀರಿ?"

"ಕೋಸಿನ ಹತ್ತಿರ ಅದೀನಿ," ಎಂದಳು ಅತ್ತೆ, ಒಂದು ಕೈಯಲ್ಲಿ ಗಾಡಿಯ ಕಂಬಿ ಹಿಡಿದು. "ಮಾಲು ಚಲೊ ಅದ. ಆದ್ರ ಭಾಳ ಜಲ್ದಿ ಹೋಗಾಕತ್ತದ."

ಕೆಳಗಿನ ಊರಿನ ಚೌಕದಲ್ಲಿ ಬಸ್ಸು ಜನ ಹತ್ತಿಸುತ್ತ ನಿಂತಿತ್ತು. ನಾನು ಕೋಸಿನಿಂದ ಜಾರಿ ಬಿದ್ದು, ಎದ್ದು, ಓಡಿ, ಬಸ್ಸಿನೊಳಗೆ ನುಗ್ಗಿದೆ. ಕಾಲಿಡಲು ಜಾಗವಿಲ್ಲ. ಸೀಟುಗಳ ನಡುವಿನ ಓಣಿಯ ತುಂಬ ಜನ ನಿಂತಿದ್ದಾರೆ, ಕೋಳಿ ಬುಟ್ಟಿಗಳಿವೆ. ಅವರ ಕೈಸಂದಿಯಲ್ಲಿ ತೂರಿ ನೋಡಿದರೆ ನಡುವೆ ಒಂದು ಸೀಟು ಖಾಲಿ. ಅದರ ಮೇಲೆ ಅತ್ತೆಯ ಗೋಣಿಚೀಲ, ನೆಟ್ಟಗೆ, ಟಿಕೆಟ್ ತಗೊಂಡ ಪ್ರಯಾಣಿಕನಂತೆ ಕೂತಿತ್ತು. ಪಕ್ಕದಲ್ಲಿ, ಅದರ ಮೇಲೊಂದು ಕೈಯಿಟ್ಟು, ಬೆಣ್ಣೆಹಣ್ಣಿನ ಆ ದಪ್ಪ ಹೆಂಗಸು.

ಕಿಟಕಿಯಿಂದ ಚೀಲ ಬಂದು ಬಿದ್ದಾಗಲೇ ಆಕೆಗೆ ಗುರುತು ಹತ್ತಿತ್ತಂತೆ. ಅಲ್ಲಿಂದ ಇಲ್ಲಿಯವರೆಗೆ ಆಕೆ ಯಾರನ್ನೂ ಕೂರಲು ಬಿಟ್ಟಿರಲಿಲ್ಲ. ಕಂಡಕ್ಟರ್ ಜಗಳ ತೆಗೆದನಂತೆ. ಆಕೆ ಜಗ್ಗಲಿಲ್ಲ. ಈ ಚೀಲದವಳು ನನ್ನ ಜಾಗ ಕಾದಿದ್ದಾಳೆ, ಆಕೆಯ ಜಾಗ ನಾನು ಕಾಯುತ್ತೇನೆ ಎಂದಳಂತೆ. ಆಮೇಲೆ ಬಸ್ಸಿನವರೆಲ್ಲ ಆಕೆಯ ಪರ ನಿಂತರಂತೆ. ಇದನ್ನೆಲ್ಲ ನನಗೆ ಬಿಡಿಸಿ ಹೇಳಿದವನು ಆ ಕಂಡಕ್ಟರೇ, ಮುಖ ಊದಿಸಿಕೊಂಡು.

ನಾನು ಚೀಲಕ್ಕೆ ಕೈ ಹಾಕಿದೆ. ಪಾಸ್‌ಪೋರ್ಟು ಎರಡೂ ಸಿಕ್ಕವು. ತಳದಲ್ಲಿ ತಣ್ಣಗೆ ಕೀಲಿ ಸಿಕ್ಕಿತು. ಅಲ್ಲೇ, ಕೋಳಿಗಳ ನಡುವೆ ನಿಂತು, ಗಟ್ಟಿಯಾಗಿ ಅತ್ತುಬಿಟ್ಟೆ. ಅಷ್ಟು ನಿರಾಳ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಅತ್ತೆ ಅಳಲಿಲ್ಲ. ಚೀಲದಿಂದ ಒಂದು ಹೊಸ ಗುಳೇದಗುಡ್ಡ ಖಣ ತೆಗೆದು ಆ ಹೆಂಗಸಿನ ಮಡಿಲಿಗೆ ಹಾಕಿ, ಆಕೆಯ ಕೆನ್ನೆ ಸವರಿ, ಬೆರಳು ಲಟಿಕೆ ಮುರಿದಳು. ಆ ಹೆಂಗಸು ಖಣವನ್ನು ಕಣ್ಣಿಗೊತ್ತಿಕೊಂಡು, ತನ್ನ ಬುಟ್ಟಿಯಿಂದ ಒಂದು ಹಣ್ಣು ತೆಗೆದು ಅತ್ತೆಯ ಸೆರಗಿಗೆ ಕೊಸರು ಹಾಕಿದಳು.

ಅತ್ತೆ ತನ್ನ ಸೀಟಿನಲ್ಲಿ ಆರಾಮಾಗಿ ಕೂತು, ಮೂಗು ಒರೆಸಿಕೊಳ್ಳುತ್ತಿದ್ದ ನನ್ನನ್ನು ನೋಡಿ, "ಸುಮ್ಮನ ಹೈರಾಣ ಆದಿ. ಸೀಟು ಹಿಡದಿದ್ದೆನಲ್ಲ?" ಎಂದಳು.

ರಾಯಚೂರಿನ ಬಸ್ ಸ್ಟ್ಯಾಂಡಿಗೆ ಮೈದುನ ನಮ್ಮನ್ನು ಎದುರುಗೊಳ್ಳಲು ಬಂದಿದ್ದ. ಅತ್ತೆಯನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿದ. "ಏನರೆ ತೊಂದ್ರಿ ಆತೇನ್ರಿ ವೈನಿ? ಏನರೆ ಕಳದ್ರೇನು?"

"ಏನಿಲ್ಲಪಾ," ಎಂದು ಅತ್ತೆ ಮತ್ತೆ ಟೊಂಕಕ್ಕೇರಿದ್ದ ಕೀಲಿಯನ್ನು ಒಮ್ಮೆ ತಟ್ಟಿ ಸದ್ದು ಮಾಡಿದಳು. "ಕಿಟಕಿ ಸೀಟ ಸಿಕ್ತು." ಮೈದುನ ನಮ್ಮ ಗಂಟುಗಳನ್ನು ಎತ್ತಿಕೊಂಡ.

ಅಷ್ಟರಲ್ಲಿ ದೇವದುರ್ಗದ ಬಸ್ಸು ಬಂತು. ಅತ್ತೆ ಓಡಿದಳು. ಟವೆಲ್ ಒಣಗಿತ್ತು. ಕಿಟಕಿಯಿಂದ ಗುರಿ ತಪ್ಪದೆ ಸೀಟಿನ ನಡುವೆ ಹೋಗಿ ಬಿತ್ತು. ಆದರೆ ನಾವು ನೂಕುನುಗ್ಗಲಿನಲ್ಲಿ ಒಳಗೆ ತಲುಪಿದಾಗ, ರುಮಾಲು ಸುತ್ತಿದ ಒಬ್ಬ ಹಿರಿಯರು ಆ ಸೀಟಿನಲ್ಲಿ ಕೂತಿದ್ದರು. ಟವೆಲನ್ನು ನೀಟಾಗಿ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ಯಪ್ಪಾ, ಅದು ನನ್ನ ಸೀಟು."

"ಟವೆಲ್ ಹಾಕಿದ್ರ ಸೀಟು ನಿಮ್ದ ಆಗ್ತದೇನ್ರೀ?"

"ಗ್ವಾಟೆಮಾಲಾದಾಗ ಆಗ್ತದ!" ಅತ್ತೆಯ ದನಿಗೆ ಬಸ್ಸೆಲ್ಲ ತಿರುಗಿತು. "ಬಸ್ ತುಂಬ ಮಂದಿ ನಿಂತಿದ್ರು. ಒಬ್ಬರರೆ ಕೂಡ್ರಲಿಲ್ಲ! ಚೀಲ ಒಗದು ಹಿಂದಿಂದ ಕೋಸಿನ ಗಾಡ್ಯಾಗ ಬಂದೆ, ಸೀಟು ಹಂಗ ಕಾದಿತ್ತು. ಮಂದಿ ಅಂದ್ರ ಅವರು!"

ಗಂಟು ಹೊತ್ತು ಹಿಂದೆ ನಿಂತಿದ್ದ ಮೈದುನ, "ಕೋಸಿನ ಗಾಡ್ಯಾಗ?" ಎಂದು ಬಾಯಿ ತೆರೆದ. ನಾನು ಅವನ ಕೈಗೆ ಇನ್ನೊಂದು ಗಂಟು ಕೊಟ್ಟೆ.

ಹಿರಿಯರಿಗೆ ಮಾತ್ರ ಆಸಕ್ತಿ ಹುಟ್ಟಿತ್ತು. ಟವೆಲನ್ನು ಅತ್ತೆಯ ಕೈಗೆ ಕೊಟ್ಟು, ಕಿವಿ ಮುಂದೆ ತಂದು ಕೇಳಿದರು.

"ಹೌದೇನವ್ವಾ? ಅಂಥಾ ಊರು ಅದು ಎಲ್ಲಿ ಬರ್ತದ? ದಾರ್ಯಾಗಿನ ಗಬ್ಬೂರಿನ ಈ ಕಡಿಗೋ, ದಾಟಿಂದೋ?"

"ದಾಟಿಂದ," ಎಂದಳು ಅತ್ತೆ. "ಭಾಳ ದೂರದ ಮಾತು ಯಪ್ಪಾ, ನಿಂತು ಹೇಳಾಕ ಆಗಂಗಿಲ್ಲ. ನೀ ಏಳು, ನಾ ಕುಂತು ಹೇಳ್ತೀನಿ."

ಅವರು ಎದ್ದರು.